ಫೋಟೊದಲ್ಲಿ ಗುಳ್ಳೆ ತೇಲುವುದು ಹೇಗೆ?

ಕಾಖಂಡಕಿ ಊರಿನಲ್ಲಿ ಹೋರಿ ಓಡಿಸುವ ಕಾರಹುಣ್ಣಿಮೆ ಕರಿಗೆಂದು ಹೋರಿಯ ಫೋಟೊ ಇಟ್ಟು ಬ್ಯಾನರ್ ಮಾಡುತ್ತಿದ್ದೀರಿ ಎನ್ನಿ. ಸುತ್ತ ಸೋಪಿನ ಗುಳ್ಳೆ ತೇಲಿಸಲು ಫೋಟೊಶಾಪ್‌ನಲ್ಲಿ ಬಿಳಿ ವೃತ್ತ ಬರೆದರೆ ಚಪ್ಪಟೆಯಾಗಿ ಕಾಣುತ್ತದೆ. ಯಾಕೆ?

ಕಣ್ಣು ಗುಳ್ಳೆಯನ್ನು ಗುರುತಿಸುವುದು ಬೆಳಕು ಎಲ್ಲಿದೆ, ಎಲ್ಲಿಲ್ಲ ಎಂಬುದರಿಂದ. ಗಾಜಿನ ಲೋಟ ನೋಡಿ: ನಡುಭಾಗದಿಂದ ಆಚೆಯದೆಲ್ಲ ಕಾಣುತ್ತದೆ, ಅಂಚು ಮಾತ್ರ ಎದ್ದು ತೋರುತ್ತದೆ. ಸೋಪಿನ ಪೊರೆಯೂ ಹಾಗೆಯೇ. ನಡುವೆ ನೋಟ ಪೊರೆಯನ್ನು ನೇರವಾಗಿ ದಾಟುವುದರಿಂದ ಪ್ರತಿಫಲನ ಕಡಿಮೆ. ಅಂಚಿನಲ್ಲಿ ಓರೆಯಾಗಿ ಹಾಯುವುದರಿಂದ ಹೆಚ್ಚು. ನಿಮ್ಮ ಬಿಳಿ ವೃತ್ತದಲ್ಲಿ ನಡುವೂ ಅಂಚೂ ಒಂದೇ ಆಗಿದೆ. ಬದಲಿಗೆ ಹೊಸ ಲೇಯರ್‌ನಲ್ಲಿ ಕಪ್ಪು ವೃತ್ತ ತುಂಬಿ, ಅಂಚಿನಿಂದ ಒಳಮುಖವಾಗಿ ಮಸುಕಾಗುವ ಬಿಳಿ ಕೊಟ್ಟು, ‘ಸ್ಕ್ರೀನ್’ ಮೋಡ್‌ಗೆ ಹಾಕಿ. ಈ ಮೋಡ್ ಕೆಳಗಿನ ಚಿತ್ರಕ್ಕೆ ಬೆಳಕನ್ನು ಸೇರಿಸುತ್ತದೆಯೇ ಹೊರತು ಕಳೆಯುವುದಿಲ್ಲ. ಕಪ್ಪಿನಲ್ಲಿ ಸೇರಿಸಲು ಬೆಳಕೇ ಇಲ್ಲ; ಆದ್ದರಿಂದ ಅದು ಮಾಯವಾಗಿ ಹೋರಿಯ ಮೈ ಕಾಣುತ್ತದೆ. ಮೊದಲೇ ಬಿಳಿಯಾದ ಆಕಾಶಕ್ಕೆ ಇನ್ನಷ್ಟು ಬೆಳಕು ಸೇರಿಸಲಾಗದು; ಆದ್ದರಿಂದ ಅದರ ಮೇಲೆ ಗುಳ್ಳೆ ಕಾಣುವುದೇ ಇಲ್ಲ. ಎರೆಮಣ್ಣಿನಂಥ ಕಡುಬಣ್ಣದ ಹಿನ್ನೆಲೆ ಆರಿಸಿಕೊಳ್ಳಿ.

ಕಾಮನಬಿಲ್ಲಿನ ಬಣ್ಣವಿಲ್ಲದೆ ಗುಳ್ಳೆಯೇ ಎಂದು ನೀವು ಕೇಳಬಹುದು. ಬಣ್ಣ ಚೆಂದ, ನಿಜ. ಪೊರೆಯ ಎರಡು ಮೈಗಳಿಂದ ಮರಳುವ ಬೆಳಕಿನ ಅಲೆಗಳು ಪರಸ್ಪರ ಬೆರೆತಾಗ ಅದು ಹುಟ್ಟುತ್ತದೆ. ಆದರೆ ಪೊರೆ ತೀರ ತೆಳುವಾದ ಕಡೆ ಬಣ್ಣ ಅಳಿದರೂ ಗುಳ್ಳೆ ಗುಳ್ಳೆಯಾಗಿಯೇ ಉಳಿಯುತ್ತದೆ. ಉಬ್ಬನ್ನು ತೋರಿಸುವುದು ಹೊಳಪುಗಳು: ಮುಂದಿನ ಮೈಯಲ್ಲಿ ಬಿಸಿಲು ಬರುವ ಕಡೆಗೆ ಒಂದು, ಹಿಂದಿನ ಒಳಬಾಗಿದ ಮೈಯಿಂದ ಅದರ ಎದುರು ಬದಿಗೆ ಇನ್ನೊಂದು. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಸಿದ್ಧ ಗುಳ್ಳೆ ಸಾಲದೇ ಎಂದರೆ, ಸಾಲುತ್ತದೆ. ಹೋರಿಯ ನೆರಳು ಬಲಕ್ಕೆ ಬಿದ್ದಿದ್ದರೆ ಮೊದಲ ಹೊಳಪು ಎಡಕ್ಕೆ ಬರುವಂತೆ ಅದನ್ನು ತಿರುಗಿಸಿ ಕೂರಿಸಿ.