ಸುರಂಗದಾಚೆಯ ಕಾಣದ ಮಂಜುಗಡ್ಡೆ

ಮನಾಲಿ ಬಿಟ್ಟ ಗಾಡಿ ಅಟಲ್ ಸುರಂಗ ಹೊಕ್ಕಾಗ ಹೊರಗೆ ದೇವದಾರು ಮರಗಳು. ಒಂಬತ್ತು ಕಿಲೋಮೀಟರ್ ಬೆಟ್ಟದ ಹೊಟ್ಟೆಯೊಳಗೆ ಓಡಿ ಆಚೆ ಬಂದರೆ, ಅಬ್ಬಾ! ಲೋಕವೇ ಬೇರೆ! ಕಣ್ಣು ಹಾಯುವಷ್ಟೂ ಬಿಳುಪು, ಕೆಳಗೆ ಅರೆಬರೆ ಹೆಪ್ಪುಗಟ್ಟಿದ ಚಂದ್ರಾ ನದಿ. 2020ರ ಅಕ್ಟೋಬರ್‌ನಲ್ಲಿ ಸುರಂಗ ತೆರೆಯುವವರೆಗೆ ನಡುಚಳಿಗಾಲದಲ್ಲಿ ಕಾರು ಇಲ್ಲಿಗೆ ಬರುವ ಮಾತೇ ಇರಲಿಲ್ಲ. 3,978 ಮೀಟರ್ ಎತ್ತರದ ರೋಹ್ತಾಂಗ್ ಪಾಸ್ ಹಿಮದಡಿ ಹೂತುಹೋದರೆ ಈ ಲಾಹೌಲ್ ಕಣಿವೆಯವರಿಗೆ ತಿಂಗಳುಗಟ್ಟಲೆ ರಸ್ತೆಯೇ ಇರುತ್ತಿರಲಿಲ್ಲ!

ಆದರೆ ನಿಜವಾದ ಸೋಜಿಗ ಈ ಬಿಳುಪಿನಲ್ಲಿಲ್ಲ, ಹಿಮವೆಲ್ಲ ಸರಿಸಿ ಕಪ್ಪಗೆ ಕಾಣುವ ಡಾಂಬರಿನಲ್ಲಿದೆ. ಬರೀ ಒದ್ದೆಯಾಗಿದೆ ಅನ್ನಿಸುವ ಆ ತುಂಡು ರಸ್ತೆಯ ಮೇಲೆ ಬ್ಲ್ಯಾಕ್ ಐಸ್ ಕೂತಿರುತ್ತದೆ! ಗಾಳಿಗುಳ್ಳೆಗಳು ಹೆಚ್ಚಿಲ್ಲದ ಮಂಜುಗಡ್ಡೆಯ ತೆಳ್ಳನೆಯ ಪದರ, ಬೆಳಕು ಸೀದಾ ತೂರಿಹೋಗುವುದರಿಂದ ಅಡಿಯ ಡಾಂಬರೇ ಕಾಣುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅಂಚಿನ ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುತ್ತದೆ, ಬೆಟ್ಟದ ನೆರಳು ಬಿದ್ದದ್ದೇ ತಡ, ಗಡ್ಡೆ. ಸೇತುವೆಗಳಂತೂ ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತವೆ: ಅಡಿಯಲ್ಲಿ ನೆಲದ ಬಿಸುಪಿಲ್ಲ, ಮೇಲೂ ಕೆಳಗೂ ಕೊರೆಯುವ ಗಾಳಿ.

ಇನ್ನೂ ಬೆರಗಿನ ಸಂಗತಿ ಕೇಳಿ. ಚಳಿ ಏರಿದಷ್ಟೂ ಜಾರಿಕೆ ಏರುತ್ತದೆ ಎಂದುಕೊಂಡಿದ್ದೀರಾ? ಇಲ್ಲ! ಮೈನಸ್ ಇಪ್ಪತ್ತರ ಗಡ್ಡೆಯ ಮೇಲೆ ಟೈರಿಗೆ ಸಿಗುವಷ್ಟು ಹಿಡಿತವೂ ಸೊನ್ನೆಯ ಆಸುಪಾಸಿನ ಗಡ್ಡೆಯ ಮೇಲೆ ಸಿಗುವುದಿಲ್ಲ. ಗಡ್ಡೆಯ ಮೇಲ್ಮೈಯಲ್ಲಿ ನೀರಿನಂಥದೊಂದು ಸೂಕ್ಷ್ಮ ಪದರ ಇರುತ್ತದೆಂದು ಮೈಕೆಲ್ ಫ್ಯಾರಡೆ 1850ರಲ್ಲೇ ಊಹಿಸಿದ್ದರು. ಸೊನ್ನೆಗೆ ಹತ್ತಿರವಾದಷ್ಟೂ ಆ ಪದರ ದಪ್ಪವಾಗುತ್ತದೆ. ಗಡ್ಡೆ ಏಕೆ ಜಾರುತ್ತದೆ ಎಂಬ ಇಷ್ಟು ಸರಳ ಪ್ರಶ್ನೆಯ ಮೇಲೆ ವಿಜ್ಞಾನಿಗಳ ಚರ್ಚೆ ಇವತ್ತಿಗೂ ಮುಗಿದಿಲ್ಲ!

ಮಲೆಯ ಚಾಲಕರ ಪಾದ ನೋಡಬೇಕು. ಇಳಿಜಾರಿನಲ್ಲಿ ಅದು ಬ್ರೇಕಿನತ್ತ ಸುಳಿಯುವುದೇ ಅಪರೂಪ, ಮೊದಲನೆಯ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಚಕ್ರಕ್ಕೆ ಸುತ್ತಿದ ಚೈನು ಗಡ್ಡೆಯನ್ನು ಕಚ್ಚುತ್ತ ಕರಕರ ಸದ್ದು ಮಾಡುತ್ತದೆ. ರಾತ್ರಿ ಹ್ಯಾಂಡ್‌ಬ್ರೇಕ್ ಹಾಕುವುದಿಲ್ಲ, ಹಾಕಿದರೆ ಬೆಳಿಗ್ಗೆ ಅದು ಹೆಪ್ಪುಗಟ್ಟಿ ಬಿಡುವುದೇ ಇಲ್ಲ. ಗಾಡಿಯನ್ನು ಗೇರಿನಲ್ಲಿಟ್ಟು ಚಕ್ರದ ಹಿಂದೆ ಕಲ್ಲು ಕೊಡುತ್ತಾರೆ, ವೈಪರ್‌ಗಳನ್ನು ಗಾಜಿಗೆ ಅಂಟದಂತೆ ಎತ್ತಿ ನಿಲ್ಲಿಸುತ್ತಾರೆ.

ಡೀಸೆಲ್ ಕೂಡ ಗಟ್ಟಿಯಾಗುತ್ತದೆ, ಗೊತ್ತೇ! ಅದರೊಳಗಿನ ಮೇಣ ಹರಳುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದಕ್ಕಾಗಿಯೇ ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗೆಂದು ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಬಯಲಿನಲ್ಲಿ ಟ್ಯಾಂಕ್ ತುಂಬಿಸಿ ಹೊರಟವರು ಆ ಚಳಿಯ ನಾಡು ಸೇರುವ ಹೊತ್ತಿಗೆ ಹಳೆಯ ಡೀಸೆಲ್ ಆದಷ್ಟು ಖಾಲಿ ಮಾಡಿಕೊಂಡು, ಅಲ್ಲಿಯದನ್ನೇ ತುಂಬಿಸಿಕೊಳ್ಳಬೇಕು.