ಟಿಕೆಟಿಗಿಂತ ಮೊದಲು ಪರ್ಮಿಟ್ಟು ನೋಡಿ

ಹೋದ ತಿಂಗಳು ಒಂದು ಸಂಜೆ ಅಡಿಕೆ ಸುಲಿದವರ ಲೆಕ್ಕ ಮಾಡುತ್ತ ಜಗಲಿಯಲ್ಲಿ ಕೂತಿದ್ದೆ. ನೆರೆಮನೆಯ ಹುಡುಗ ತಂದೆಯ ಜತೆ ಬಂದ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಅದರೊಳಗೆ ಪಾಸ್‌ಪೋರ್ಟು, ವಿಸಾದ ಒಂದು ಪ್ರತಿ.

"ಮಾವ, ಶಾರ್ಜಾದಲ್ಲಿ ಕೆಲಸ ಆಯ್ತು. ಬರುವ ವಾರ ಹೋಗ್ಲಿಕ್ಕುಂಟು. ಒಮ್ಮೆ ನೋಡಿ" ಎಂದ.

ನೋಡಿದೆ. ವಿಸಿಟ್ ವಿಸಾ. ಮಾಲಕನ ಹೆಸರಿಲ್ಲ, ಸಂಬಳದ ಮಾತಿಲ್ಲ.

"ಇದರಲ್ಲಿ ಕೆಲಸದ ಸುದ್ದಿಯೇ ಇಲ್ಲವಲ್ಲ ಮಾರಾಯ?"

"ಅಲ್ಲಿಗೆ ಹೋದ ಮೇಲೆ ಬದಲು ಮಾಡಿ ಕೊಡ್ತಾರಂತೆ."

ಏಜೆಂಟನಿಗೆ ಎಷ್ಟು ಎಂದು ತಂದೆಯನ್ನು ಕೇಳಿದೆ. ಒಂದೂಕಾಲು ಲಕ್ಷ. ಅರ್ಧ ಕೊಟ್ಟಾಗಿದೆ, ಉಳಿದದ್ದು ಟಿಕೆಟ್ ಕೈಗೆ ಬಂದಾಗ. ಈ ವರ್ಷದ ಅಡಿಕೆಯ ದುಡ್ಡು ಪೂರಾ ಅದಕ್ಕೇ ಎಂದರು.

ಗಡಿನಾಡಿನ ನಮಗೆ ಗಲ್ಫ್ ದೂರದ ಊರಲ್ಲ. ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ಮನೆಗೊಬ್ಬರಂತೆ ಹೋದ ಓಣಿಗಳೂ ಉಂಟು. ನಾನೂ ಶಾರ್ಜಾದ ಒಂದು ಗ್ರೋಸರಿಯಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದವನು. ಊರಿನಿಂದ ಆಳು ತರಿಸುವ ಕಾಗದಪತ್ರವೆಲ್ಲ ನನ್ನ ಕೈಯಿಂದಲೇ ಹೋಗುತ್ತಿತ್ತು. ಹಾಗಾಗಿ ಹೋಗುವವರ ಕಷ್ಟ ಮಾತ್ರವಲ್ಲ, ಕರೆಸಿಕೊಳ್ಳುವ ಮಾಲಕನಿಗೆ ಏನೇನು ಕಟ್ಟುಪಾಡು ಉಂಟೆಂಬುದೂ ನನಗೆ ಗೊತ್ತು. ಅದು ಹೋಗುವವರಿಗೆ ಗೊತ್ತಿಲ್ಲದಿರುವುದೇ ಏಜೆಂಟರ ಬಂಡವಾಳ.

ಮಾಲಕ ಮಾಡಬೇಕಾದದ್ದು

ಯುಎಇಯಲ್ಲಿ ಕೆಲಸದ ಪರ್ಮಿಟ್ಟಿಗೆ ಅರ್ಜಿ ಹಾಕಬೇಕಾದವನು ಕೆಲಸಗಾರನಲ್ಲ, ಮಾಲಕ. ಅರ್ಜಿ ಹೋಗುವುದು ಅಲ್ಲಿನ ಮಾನವ ಸಂಪನ್ಮೂಲ ಸಚಿವಾಲಯಕ್ಕೆ. ಫ್ರೀ ಝೋನ್ ಕಂಪೆನಿಗಳಿಗೆ ಆ ಝೋನಿನ ಆಡಳಿತವೇ ಪರ್ಮಿಟ್ ಕೊಡುತ್ತದೆ. ಮನೆಗೆಲಸದವರಿಗೆ ಬೇರೆಯೇ ಕಾನೂನು.

ಮೊದಲು ಮಾಲಕ ಆಫರ್ ಲೆಟರ್ ತಯಾರಿಸಬೇಕು. ಕೆಲಸ ಯಾವುದು, ಮೂಲ ಸಂಬಳ ಎಷ್ಟು, ಭತ್ಯೆ ಎಷ್ಟು, ರಜೆ ಎಷ್ಟು ಎಲ್ಲ ಅದರಲ್ಲಿರಬೇಕು. ಕೆಲಸಗಾರ ಓದಿ ಸಹಿ ಹಾಕಿದ ಮೇಲೆ ಅರ್ಜಿ. ಒಪ್ಪಿಗೆ ಸಿಕ್ಕಿದ ಮೇಲೆ ಕೆಲಸದ ಪ್ರವೇಶ ಪರವಾನಗಿ. ಅದನ್ನು ಹಿಡಿದು ವಿಮಾನ ಹತ್ತಬೇಕು. ಅಲ್ಲಿಗೆ ಹೋದ ಮೇಲೆ ವೈದ್ಯಕೀಯ ತಪಾಸಣೆ, ಎಮಿರೇಟ್ಸ್ ಐಡಿ, ಕರಾರಿನ ನೋಂದಣಿ. ಆ ಕರಾರು ಆಫರ್ ಲೆಟರಿಗೆ ತಾಳೆಯಾಗಬೇಕು. ಊರಲ್ಲಿ ತೋರಿಸಿದ್ದು ಒಂದು ಸಂಬಳ, ಅಲ್ಲಿ ಸಹಿ ಹಾಕಿಸುವುದು ಇನ್ನೊಂದು ಎಂಬ ಹಳೆಯ ಆಟ ನಿಲ್ಲಿಸಲಿಕ್ಕೆಂದೇ 2016ರ ಜನವರಿಯಿಂದ ಈ ಪದ್ಧತಿ ಬಂತು.

ಆಫರ್ ಲೆಟರನ್ನು ಅರಬ್ಬಿ, ಇಂಗ್ಲಿಷ್ ಜತೆಗೆ ಕೆಲಸಗಾರನಿಗೆ ಅರ್ಥವಾಗುವ ಇನ್ನೊಂದು ಭಾಷೆಯಲ್ಲಿ ಕೊಡಬೇಕು. ಆಗ ಗೊತ್ತುಮಾಡಿದ 11 ಭಾಷೆಗಳಲ್ಲಿ ಮಲಯಾಳ, ತಮಿಳು, ಹಿಂದಿ, ಉರ್ದು ಇದ್ದವು, ಕನ್ನಡ ಇರಲಿಲ್ಲ. ಕನ್ನಡ ಮೀಡಿಯಂನಲ್ಲಿ ಕಲಿತ ನಮ್ಮ ಮಕ್ಕಳು ಮಲಯಾಳ ಸಲೀಸಾಗಿ ಮಾತಾಡ್ತಾರೆ, ಓದುವಾಗ ತಡವರಿಸ್ತಾರೆ. ನಾಚಿಕೆ ಬೇಡ. ಓದಲು ಬರುವವರ ಎದುರು ಕೂತು, ಸಾಲು ಸಾಲು ಓದಿಸಿ, ಮತ್ತೆ ಸಹಿ ಹಾಕಿ.

ಖರ್ಚು ಯಾರದು?

2022ರ ಫೆಬ್ರವರಿಯಿಂದ ಜಾರಿಯಾದ ಅಲ್ಲಿನ ಕಾರ್ಮಿಕ ಕಾನೂನಿನಲ್ಲಿ ಇದು ಸ್ಪಷ್ಟ ಉಂಟು. ನೇಮಕಾತಿಯ ಖರ್ಚನ್ನು ಮಾಲಕ ನೇರವಾಗಿಯೂ ಸುತ್ತುಬಳಸಿಯೂ ಕೆಲಸಗಾರನಿಂದ ವಸೂಲು ಮಾಡುವ ಹಾಗಿಲ್ಲ. ಪರ್ಮಿಟ್ಟಿನ ಶುಲ್ಕ ಕಂಪೆನಿಯ ವರ್ಗಕ್ಕೆ ತಕ್ಕಂತೆ ಹೆಚ್ಚುಕಮ್ಮಿ. ಕಾಯ್ದೆ ಪಾಲಿಸಿದ ಕಂಪೆನಿಗೆ ಕಡಿಮೆ, ತಪ್ಪು ಮಾಡಿದವರಿಗೆ ಜಾಸ್ತಿ. ಎಷ್ಟಾದರೂ ಅದು ಮಾಲಕನ ಕಿಸೆಯಿಂದಲೇ ಹೋಗಬೇಕು. ಪಾಸ್‌ಪೋರ್ಟ್ ಇಟ್ಟುಕೊಳ್ಳಲಿಕ್ಕೂ ಅವನಿಗೆ ಹಕ್ಕಿಲ್ಲ. ಪ್ರೊಬೇಷನ್ ಆರು ತಿಂಗಳಿಗಿಂತ ಹೆಚ್ಚು ಇಲ್ಲ.

ಸಂಬಳ ಬ್ಯಾಂಕ್ ಅಥವಾ ಎಕ್ಸ್‌ಚೇಂಜ್ ಮೂಲಕ, ಸರಕಾರಕ್ಕೆ ಕಾಣುವಂತೆ ಕೊಡಬೇಕು. ಈ ವ್ಯವಸ್ಥೆ 2009ರಲ್ಲೇ ಶುರುವಾಯಿತು. ಸಂಬಳ ತಡ ಮಾಡಿದವನಿಗೆ ಹೊಸ ಪರ್ಮಿಟ್ ಕೊಡುವುದನ್ನು ನಿಲ್ಲಿಸುತ್ತಾರೆ. ಪರ್ಮಿಟ್ಟಿಲ್ಲದ ಆಳಿನಿಂದ ಕೆಲಸ ಮಾಡಿಸಿದರೆ 2024ರ ಆಗಸ್ಟಿನ ತಿದ್ದುಪಡಿಯ ಪ್ರಕಾರ ದಂಡ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್. ಅದಕ್ಕೆ ಮೊದಲು ಐವತ್ತು ಸಾವಿರದಿಂದ ಎರಡು ಲಕ್ಷ ಇತ್ತು.

ದಂಡ ಮಾಲಕನಿಗೆ, ಸರಿ. ಆದರೆ ಆಳಿಗೆ?

ನಾನು ಕಂಡದ್ದು

2017ರಲ್ಲಿ ನಮ್ಮ ಅಂಗಡಿಗೆ ಊರ ಕಡೆಯ ಒಬ್ಬ ಹುಡುಗ ವಿಸಿಟ್ ವಿಸಾದಲ್ಲಿ ಬಂದಿದ್ದ. "ಬರುವ ತಿಂಗಳು ಪರ್ಮಿಟ್ ಮಾಡಿಸುವಾ" ಎಂದರು ಮಾಲಕರು. ತಿಂಗಳು ಕಳೆಯಿತು, ಎರಡೂ ಆಯಿತು. ಹುಡುಗ ಸೈಕಲ್ಲಿನಲ್ಲಿ ಮನೆಮನೆಗೆ ಸಾಮಾನು ಮುಟ್ಟಿಸುತ್ತಿದ್ದ. ಅವನ ಹೆಸರು ನನ್ನ ಪುಸ್ತಕದಲ್ಲಿರಲಿಲ್ಲ. ಸಂಬಳ ಕವರಿನಲ್ಲಿ ಹಾಕಿ ಕೈಗೆ ಕೊಡುತ್ತಿದ್ದವನು ನಾನೇ.

ಒಂದು ದಿನ ತಪಾಸಣೆಗೆ ಬಂದರು. ಮಾಲಕರು ದಂಡ ಕಟ್ಟಿ ಅಂಗಡಿ ಉಳಿಸಿಕೊಂಡರು. ಹುಡುಗನನ್ನು ವಾಪಸು ಕಳಿಸಿದರು. ಕೊನೆಯ ತಿಂಗಳ ಸಂಬಳವೂ ಸಿಗಲಿಲ್ಲ. ಕೇಳಲಿಕ್ಕೆ ಅವನ ಹತ್ತಿರ ಕರಾರಿನ ಒಂದು ತುಂಡು ಕಾಗದವೂ ಇರಲಿಲ್ಲ. ತಾಯಿಯ ಕರಿಮಣಿ ಸರ ಅಡವಿಟ್ಟು ಬಂದಿದ್ದನೆಂದು ಆಮೇಲೆ ತಿಳಿಯಿತು. ಕಾನೂನು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ, ನನ್ನ ಕೆಲಸಕ್ಕೆ ಕುತ್ತು ಬಂದೀತೆಂದು. ರಜೆಯಲ್ಲಿ ಊರಿಗೆ ಬಂದಾಗ ಆ ಮನೆಯ ದಾರಿ ತಪ್ಪಿಸಿ ಹೋಗುತ್ತಿದ್ದೆ.

ನಮ್ಮ ಕಡೆಯ ಕಾನೂನು

ಭಾರತದಿಂದ ಆಳು ಕಳಿಸುವ ಏಜೆಂಟನಿಗೂ 1983ರ ವಲಸೆ ಕಾಯ್ದೆಯಂತೆ ಕೇಂದ್ರ ಸರಕಾರದ ನೋಂದಣಿ ಬೇಕು. ನೋಂದಾಯಿತರ ಪಟ್ಟಿ ಇ-ಮೈಗ್ರೇಟ್ ತಾಣದಲ್ಲಿ ಉಂಟು. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ರಸೀದಿ ಕೊಡಲೇಬೇಕು.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು. ಅಂಥವರು ಕೆಲಸಕ್ಕೆಂದು ಗಲ್ಫ್ ಸೇರಿ 18 ದೇಶಗಳಿಗೆ ಹೋಗುವುದಾದರೆ ವಲಸೆ ಅನುಮತಿ ಬೇಕು. ಮಾಲಕನ ಕರಾರು ನೋಡಿಯೇ ಅದು ಸಿಗುವುದು. ಜತೆಗೆ ಹತ್ತು ಲಕ್ಷದ ಪ್ರವಾಸಿ ಭಾರತೀಯ ವಿಮೆಯೂ ಉಂಟು. ವಿಸಿಟ್ ವಿಸಾದಲ್ಲಿ ಕಳಿಸುವವರು ಈ ಅನುಮತಿ, ಈ ವಿಮೆ ಎರಡನ್ನೂ ತಪ್ಪಿಸುತ್ತಾರೆ. ತಾಳವಾಡಿಯವರಾಗಲಿ, ಸೊಲ್ಲಾಪುರದವರಾಗಲಿ, ಮಡಕಶಿರಾದವರಾಗಲಿ, ಈ ಕಾಯ್ದೆ ಎಲ್ಲರಿಗೂ ಒಂದೇ.

ಬೇರೆ ದೇಶಗಳಲ್ಲಿ ನಿಯಮ ಬೇರೆ. ಕತಾರ್ 2020ರಲ್ಲಿ, ಕೆಲಸ ಬದಲಿಸಲು ಹಳೆಯ ಮಾಲಕನ ನಿರಾಕ್ಷೇಪಣ ಪತ್ರ ಬೇಕೆಂಬುದನ್ನು ತೆಗೆದುಹಾಕಿತು. ಸೌದಿ 2021ರ ಮಾರ್ಚಿನಲ್ಲಿ ಕೆಲವು ಷರತ್ತುಗಳ ಮೇಲೆ ಆ ದಾರಿ ತೆರೆಯಿತು. ಆದರೆ ಪರ್ಮಿಟ್ ಮಾಲಕನ ಹೊಣೆ ಎಂಬುದು ಅಲ್ಲೆಲ್ಲ ಒಂದೇ.

ನೆರೆಮನೆಯವರಿಗೆ ನಾನು ಹೇಳಿದ್ದು ಇಷ್ಟೇ. "ಏಜೆಂಟನ ಹತ್ತಿರ ಮೂರು ಕೇಳಿ. ಅವನ ನೋಂದಣಿ ನಂಬ್ರ, ಮಾಲಕನ ಆಫರ್ ಲೆಟರ್, ಕೊಟ್ಟ ಹಣಕ್ಕೆ ರಸೀದಿ. ಮೂರೂ ಕೊಟ್ಟರೆ ಉಳಿದದ್ದು ಮಾತಾಡುವಾ."

ಮರುದಿನ ಕೇಳಿದರಂತೆ. ಆಫರ್ ಲೆಟರ್ ನಾಳೆ ಬರ್ತದೆ ಎಂದ. ನಾಲ್ಕು ದಿನ ಆ ನಾಳೆ ಬರಲಿಲ್ಲ. ಐದನೇ ದಿನ ಫೋನು ಸ್ವಿಚ್ ಆಫ್. ಉಳಿದ ಅರ್ಧ ದುಡ್ಡು ಮನೆಯಲ್ಲಿ ಉಳಿಯಿತು. ಕೊಟ್ಟ ಅರ್ಧಕ್ಕೆ ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಟ್ಟಿದ್ದೇವೆ. ದೂರು ಬರೆದದ್ದು ನಾನೇ.

ಹುಡುಗ ಈಗ ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋಗ್ತಾನೆ. ದಾರಿಯಲ್ಲಿ ಸಿಕ್ಕಿದರೆ ಮುಖ ತಿರುಗಿಸ್ತಾನೆ. ಜತೆಯವರೆಲ್ಲ ಹೋದರು, ಮಾವ ನನ್ನನ್ನು ತಡೆದರು ಎಂಬ ಸಿಟ್ಟು ಅವನಿಗೆ. ಇರಲಿ. ಅವನ ಮನೆಯ ದಾರಿಯನ್ನಂತೂ ನಾನು ತಪ್ಪಿಸಿ ಹೋಗಬೇಕಾಗಿಲ್ಲ.