ಮುಪ್ಪೆಂದು ಸುಮ್ಮನಿರಬೇಡಿ

ಮನೆಯ ನಾಯಿ ಮೊದಲಿನಂತೆ ಗೇಟಿನತ್ತ ಓಡುವುದಿಲ್ಲ. ಬೆಚ್ಚನೆಯ ಮೂಲೆ ಹುಡುಕಿ ಮಲಗುತ್ತದೆ. ಬೆಕ್ಕಾದರೋ, ಹಾಕಿದ್ದನ್ನೆಲ್ಲ ತಿಂದರೂ ಬಡಕಲಾಗುತ್ತಿದೆ. ‘ವಯಸ್ಸಾಯಿತಲ್ಲ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ವಯಸ್ಸಿನ ಮರೆಯಲ್ಲಿ, ಚಿಕಿತ್ಸೆಗೆ ಬಗ್ಗುವ ಕಾಯಿಲೆಯೊಂದು ಅಡಗಿರಬಹುದು. ಅದೇ ಥೈರಾಯ್ಡ್ ತೊಂದರೆ.

ನಮ್ಮಂತೆಯೇ ನಾಯಿ, ಬೆಕ್ಕುಗಳಿಗೂ ಕತ್ತಿನಲ್ಲಿ ಶ್ವಾಸನಾಳದ ಅಕ್ಕಪಕ್ಕ ಥೈರಾಯ್ಡ್ ಗ್ರಂಥಿ ಇರುತ್ತದೆ. ರಕ್ತದಲ್ಲಿನ ಅಯೋಡಿನ್ ಬಳಸಿಕೊಂಡು ಅದು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. 1914ರಲ್ಲಿ ಅಮೆರಿಕದ ವಿಜ್ಞಾನಿ ಎಡ್ವರ್ಡ್ ಕೆಂಡಾಲ್ ಇದನ್ನು ಮೊದಲು ಬೇರ್ಪಡಿಸಿದರು. ದೇಹದಲ್ಲಿ ಆಹಾರ ಎಷ್ಟು ಬೇಗ ಶಕ್ತಿಯಾಗಿ ಖರ್ಚಾಗಬೇಕೆಂಬುದು ಇದರ ಹತೋಟಿಯಲ್ಲಿದೆ. ಲಾಟೀನಿನ ಬತ್ತಿ ಇದ್ದಂತೆ: ಇಳಿಸಿದರೆ ಉರಿ ಮಂದ, ಏರಿಸಿದರೆ ಎಣ್ಣೆ ಬೇಗ ಖಾಲಿ.

ವಿಚಿತ್ರವೆಂದರೆ, ಸಾಮಾನ್ಯವಾಗಿ ನಾಯಿಯಲ್ಲಿ ಈ ಬತ್ತಿ ಇಳಿಯುತ್ತದೆ, ಬೆಕ್ಕಿನಲ್ಲಿ ಏರುತ್ತದೆ!

ನಡುವಯಸ್ಸಿನ ಮತ್ತು ಅದನ್ನು ದಾಟಿದ ನಾಯಿಗಳಲ್ಲಿ, ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ದಾಳಿ ಮಾಡುವುದುಂಟು. ಗ್ರಂಥಿ ತಾನಾಗಿ ಸವೆಯುವುದೂ ಉಂಟು. ಆಗ ಹೆಚ್ಚು ತಿನ್ನದಿದ್ದರೂ ನಾಯಿ ದಪ್ಪಗಾಗುತ್ತದೆ, ಚಳಿ ತಡೆಯುವುದಿಲ್ಲ. ಮೈಯ ಎರಡೂ ಬದಿಯಲ್ಲಿ, ಬಾಲದಲ್ಲಿ ಕೂದಲು ಉದುರುತ್ತದೆ. ಹಾರ್ಮೋನಿನ ಮಾತ್ರೆ ಜೀವನಪರ್ಯಂತ ಕೊಡಬೇಕಾದರೂ, ನಾಯಿ ಮತ್ತೆ ಲವಲವಿಕೆಯಿಂದ ಓಡಾಡಬಲ್ಲದು.

ಬೆಕ್ಕುಗಳ ಕಾಯಿಲೆ ಅಮೆರಿಕದ ಪಶುವೈದ್ಯರ ಗಮನಕ್ಕೆ ಸ್ಪಷ್ಟವಾಗಿ ಬಂದದ್ದೇ 1979ರಲ್ಲಿ. ಇದು ಹೆಚ್ಚಾಗಿ 10 ವರ್ಷ ದಾಟಿದ ಬೆಕ್ಕುಗಳಿಗೆ ಬರುತ್ತದೆ. ಗ್ರಂಥಿಯಲ್ಲಿ ಗಂಟು ಬೆಳೆಯುತ್ತದೆ. ಬಹುಪಾಲು ಅದು ಕ್ಯಾನ್ಸರ್ ಅಲ್ಲ. ಆದರೂ ಹಾರ್ಮೋನು ಅತಿಯಾಗಿ, ಹಸಿವು ಹೆಚ್ಚುತ್ತದೆ, ತೂಕ ಇಳಿಯುತ್ತದೆ, ಎದೆಬಡಿತ ಏರುತ್ತದೆ. ಹಾಗೇ ಬಿಟ್ಟರೆ ಹೃದಯಕ್ಕೇ ಅಪಾಯ. ಮಾತ್ರೆ, ಶಸ್ತ್ರಚಿಕಿತ್ಸೆ, ವಿಕಿರಣಶೀಲ ಅಯೋಡಿನ್ ಇದಕ್ಕಿರುವ ಚಿಕಿತ್ಸೆಗಳು.

ಲಕ್ಷಣ ನೋಡಿ ನಾವೇ ತೀರ್ಮಾನಿಸುವುದು ಸರಿಯಲ್ಲ. ಸಕ್ಕರೆ ಕಾಯಿಲೆ ಬಂದ ಬೆಕ್ಕೂ ತಿಂದು ತಿಂದು ಬಡಕಲಾಗುತ್ತದೆ. ಬೇರೆ ಕಾಯಿಲೆ ಇರುವ ನಾಯಿಯ ರಕ್ತದಲ್ಲೂ ಥೈರಾಕ್ಸಿನ್ ಇಳಿದಿರಬಹುದು. ಆದ್ದರಿಂದ ರಕ್ತಪರೀಕ್ಷೆ ಮಾಡಿಸಿ ಅದರ ಅರ್ಥ ಹೇಳಬೇಕಾದವರು ಪಶುವೈದ್ಯರೇ. ಅಮ್ಮನ ಥೈರಾಯ್ಡ್ ಮಾತ್ರೆಯನ್ನು ಮುರಿದು ಕೊಡುವ ಸಾಹಸ ಬೇಡ. ಬೆಕ್ಕಿಗಂತೂ ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಮಕ್ಕಳು ಮಾಡಬಹುದಾದ ಕೆಲಸವೊಂದಿದೆ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ. ಬಂದ ತೂಕದಲ್ಲಿ ನಿಮ್ಮ ತೂಕ ಕಳೆಯಿರಿ. ದೊಡ್ಡ ನಾಯಿಯಾದರೆ ಹಿರಿಯರು ಎತ್ತಿಕೊಳ್ಳಲಿ. ತಿಂಗಳಿಗೊಮ್ಮೆ ತೂಕವನ್ನು ನೋಟುಪುಸ್ತಕದಲ್ಲಿ ಬರೆದಿಡಿ. ಕಣ್ಣಿಗೆ ಕಾಣದ ಬದಲಾವಣೆ ಅಂಕಿಗಳಲ್ಲಿ ಕಾಣುತ್ತದೆ. ಮಾತು ಬಾರದ ಪ್ರಾಣಿಯ ಪರವಾಗಿ ವೈದ್ಯರೊಡನೆ ಆ ಪುಸ್ತಕವೇ ಮಾತಾಡುತ್ತದೆ.